ಗೋಬರ್ ಗ್ಯಾಸಿಗೆ ಅಂಕ ಕೊಡುವವರು

ಗ್ರಾಮೀಣಾಭಿವೃದ್ಧಿಯ ಹೊಸ ಪ್ರಯೋಗಗಳಿಗೆ ನಮ್ಮಲ್ಲಿ ಪರೀಕ್ಷೆ ನಡೆಯುವುದು ಮಾರ್ಚ್ ತಿಂಗಳಲ್ಲಿ. ಗುರಿ ಇಷ್ಟು, ಸಾಧನೆ ಇಷ್ಟು, ಪಕ್ಕದಲ್ಲಿ ಫಲಾನುಭವಿ ನಿಂತ ಫೋಟೋ ಒಂದು; ಅಲ್ಲಿಗೆ ಕಡತ ಮುಚ್ಚಿತು. ಕಟ್ಟಿದ್ದು ಮುಂದಿನ ಆಷಾಢದಲ್ಲಿ ಉರಿಯಿತೇ ಎಂದು ಕೇಳುವ ಕಾಲಂ ಆ ಫಾರಂನಲ್ಲಿ ಇರುವುದಿಲ್ಲ.

ಶಿರಸಿ ಸೀಮೆಯ ಗೋಬರ್ ಗ್ಯಾಸನ್ನು ಈ ಪದ್ಧತಿಗೆ ಎದುರಾಗಿ ಇಟ್ಟು ನೋಡಬೇಕು. ಎಂಬತ್ತರ ದಶಕದ ಆರಂಭದಲ್ಲಿ ಕೇಂದ್ರದ ಜೈವಿಕ ಅನಿಲ ಯೋಜನೆ ಬಂದ ಮೇಲೆ ದೇಶದ ತುಂಬ ಘಟಕಗಳೆದ್ದವು, ಎಷ್ಟೋ ಕಡೆ ಬೇಗನೆ ಹಾಳೂ ಬಿದ್ದವು. ಶಿರಸಿ ತಾಲ್ಲೂಕಿನ ಹಳ್ಳಿಗಳಲ್ಲಿ ಅಧ್ಯಯನ ನಡೆಸಿದ ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ ಮತ್ತು ಎನ್.ಎಚ್. ರವೀಂದ್ರನಾಥ್ 2001ರಲ್ಲಿ ಪ್ರಕಟಿಸಿದ ಲೇಖನ ಹೇಳಿದ್ದು ಬೇರೆ: ಅವರು ನೋಡಿದ ಘಟಕಗಳೆಲ್ಲ ನಡೆಯುತ್ತಿದ್ದವು. ಸಹಾಯಧನ ಎಲ್ಲ ಕಡೆ ಇತ್ತು. ಇಲ್ಲಿ ಹೆಚ್ಚಿಗೆ ಇದ್ದದ್ದು ಗ್ಯಾಸ್ ಬರುತ್ತದೆಂಬ ಖಾತರಿ ಕೊಟ್ಟು ಕಟ್ಟುವ, ಕೆಟ್ಟರೆ ಪುಕ್ಕಟೆಯಾಗಿ ರಿಪೇರಿ ಮಾಡುವ ಸ್ಥಳೀಯರು.

ಇದರ ಬೆಲೆ ತಿಳಿಯಬೇಕಾದರೆ ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಂಥ ಘಟ್ಟದಂಚಿನ ಊರಿನ ಮಳೆಗಾಲವನ್ನು ನೆನೆಯಬೇಕು. ಥಂಡಿಗೆ ಗುಂಡಿಯೊಳಗಿನ ಕೊಳೆತ ನಿಧಾನವಾಗುತ್ತದೆ, ಗ್ಯಾಸ್ ಇಳಿಯುತ್ತದೆ. ಪೈಪಿನ ತಗ್ಗಿನಲ್ಲಿ ನೀರು ನಿಂತರೆ ಒಲೆಯ ನೀಲಿ ಉರಿ ಕುಣಿದು ಕುಣಿದು ಫಕ್ಕನೆ ಆರಿಹೋಗುತ್ತದೆ. ಪೈಪಿನಿಂದ ನೀರು ಇಳಿಸಿದರೆ ಸಾಕು, ಐದು ನಿಮಿಷದ ಕೆಲಸ. ಅದನ್ನು ತೋರಿಸಿಕೊಡುವವರು ಇಲ್ಲದ ಊರಿನಲ್ಲಿ ಅಷ್ಟಕ್ಕೇ ಘಟಕ ಸತ್ತಂತೆ. ತಾಂತ್ರಿಕ ಸಮಿತಿಗಳು ಗ್ಯಾಸ್ ನಿಲ್ಲುವ ಡೋಮಿನ ವಿನ್ಯಾಸ ಚರ್ಚಿಸುವಷ್ಟು ಹೊತ್ತು ಈ ನೀರಿನ ಬಗ್ಗೆ ಯೋಚಿಸಿದ್ದನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಬಲ ತೋಟದ್ದು. ಗುಂಡಿಯಿಂದ ಹೊರಬರುವ ಸ್ಲರಿ ಸೊಪ್ಪಿನಬೆಟ್ಟದ ದರಕಿನೊಡನೆ, ಅಂದರೆ ಒಣ ಎಲೆಯೊಡನೆ, ಸೇರಿ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಗೊಬ್ಬರದ ಲೆಕ್ಕ ಹಾಕುವ ತೋಟಿಗರಿಗೆ ಗ್ಯಾಸು ಮೇಲ್ಲಾಭ. 

ಹಾಗೆಂದು ಈ ಯಶಸ್ಸಿಗೆ ಪೂರ್ತಿ ಅಂಕ ಕೊಡಲು ಮನಸ್ಸು ಬಾರದು. ‘ಕಟ್ಟಿದ್ದೆಲ್ಲ ನಡೆಯುತ್ತಿದೆ’ ಎಂಬುದು ಕಟ್ಟಿಸಿಕೊಂಡವರ ಲೆಕ್ಕ. ಕೊಟ್ಟಿಗೆಯಿಲ್ಲದ, ತೋಟವಿಲ್ಲದ, ಕೂಲಿಯಿಂದ ಬದುಕುವ ಮನೆ ಈ ಲೆಕ್ಕದೊಳಗೆ ಬರುವುದೇ ಇಲ್ಲ. ಗ್ಯಾಸ್ ಬಂದ ಮನೆಯಲ್ಲೂ ಹೊಗೆ ಹೋದದ್ದು ಅಡುಗೆಮನೆಯಿಂದ. ಬಚ್ಚಲೊಲೆಗೂ ಅಡಿಕೆ ಬೇಯಿಸುವ ಹಂಡೆಗೂ ಸೌದೆ ಬೇಕಾಗಿಯೇ ಇತ್ತು. ಕಾಡು ಎಷ್ಟು ಉಳಿಯಿತು ಎಂದು ಲೆಕ್ಕ ಕೊಡುವವರು ಬಚ್ಚಲಿಗೂ ಇಣುಕಿ ನೋಡಬೇಕಿತ್ತು.

ಗುರಿ ಮುಟ್ಟಿತೇ ಎಂಬ ಪ್ರಶ್ನೆಯನ್ನೇ ಬದಲಿಸುವ ಧೈರ್ಯಕ್ಕೆ ಉದಾಹರಣೆ ಕುಣಿಗಲ್ ತಾಲ್ಲೂಕಿನ ಪುರ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಬಳಗ ಅಲ್ಲಿ ಇಡೀ ಊರಿಗೊಂದು ಗೋಬರ್ ಘಟಕ ಕಟ್ಟಿದಾಗ ಉದ್ದೇಶ ಅಡುಗೆ ಅನಿಲವೇ. ಎಲ್ಲ ಒಲೆಗಳಿಗೆ ಸಾಲುವಷ್ಟು ಸಗಣಿ ಊರಿನಲ್ಲಿರಲಿಲ್ಲ. ಜನಕ್ಕೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ಮೊದಲ ಗುರಿಯ ಕಾಲಂ ತುಂಬಿಸುವುದೇ ಮುಖ್ಯವಾಗಿದ್ದರೆ ಪುರ ಒಂದು ಸೋತ ಯೋಜನೆ ಎಂದು ದಾಖಲಾಗುತ್ತಿತ್ತು.

ಶಿರಸಿಯ 2001ರ ಚಿತ್ರ 2001ರದ್ದೇ. ಈಗ ಘಟ್ಟದ ಮೇಲಿನ ಹಲವು ಕೊಟ್ಟಿಗೆಗಳಲ್ಲಿ ದನ ಕಡಿಮೆಯಾಗಿವೆ: ಮೇಯಿಸುವವರಿಲ್ಲ, ಮನೆಯಲ್ಲಿ ಉಳಿದವರಿಗೆ ವಯಸ್ಸಾಗಿದೆ, ಹಾಲು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಸಿಲಿಂಡರ್ ಬಾಗಿಲಿಗೆ ಬರುತ್ತದೆ. ಡೋಮ್ ಗಟ್ಟಿಯಾಗಿಯೇ ಇರಬಹುದು, ತುಂಬಲು ಸಗಣಿ ಬೇಡವೇ? ಇದನ್ನು ತಂತ್ರಜ್ಞಾನದ ಸೋಲು ಎಂದರೆ ತಪ್ಪಾಗುತ್ತದೆ. ಆದರೆ ಯೋಜಿಸುವಾಗ ಕೊಟ್ಟಿಗೆಯ ಮುಂದಿನ ಇಪ್ಪತ್ತು ವರ್ಷವನ್ನು ಯಾರೂ ಅಂದಾಜು ಮಾಡದಿದ್ದದ್ದು ಯೋಜನೆಯ ಸೋಲೇ. 2018ರಲ್ಲಿ ಶುರುವಾದ ಕೇಂದ್ರದ ಗೋಬರ್‌ಧನ್ ಯೋಜನೆ ಈಗ ಮತ್ತೆ ಸಗಣಿಯ ಲೆಕ್ಕ ಹಿಡಿದು ಬಂದಿದೆ. ನಿಲ್ಕುಂದದ ಕಡೆ ಅದರ ಅರ್ಜಿ ತುಂಬಿಸುವವರು ಘಟಕ ಎಷ್ಟು ಘನಮೀಟರ್ ಎಂದು ಬರೆಯುವ ಮೊದಲು ಕೊಟ್ಟಿಗೆಯಲ್ಲಿ ಎಷ್ಟು ಕೊರಳು ದನಗಳಿವೆ, ಅವನ್ನು ಯಾರು ನೋಡಿಕೊಳ್ಳುತ್ತಾರೆ, ಪೈಪಿನ ನೀರು ಇಳಿಸಲು ಮಳೆಯಲ್ಲಿ ಯಾರು ಬರುತ್ತಾರೆ ಎಂಬುದನ್ನು ಬರೆಯಲಿ. ಅಂಕ ಕೊಡುವವರು ಜುಲೈಯಲ್ಲಿ ಬರಲಿ.