ಸಿರೊಟೋನಿನ್ ಔಷಧಗಳೂ ಅನ್ನನಾಳದ ಚಲನೆಯೂ: ಒಂದು ವಿಮರ್ಶೆ

ಸಿರೊಟೋನಿನ್ ಸಂಬಂಧದ ಔಷಧಗಳು ಅನ್ನನಾಳದ ಚಲನೆಯನ್ನು ಚುರುಕುಗೊಳಿಸುತ್ತವೆ ಎಂಬ ಸಾಮಾನ್ಯೋಕ್ತಿಯನ್ನು ನಾವು ಒಪ್ಪಲಾರೆವು. ಈ ದ್ರವ್ಯದ ನಾಲ್ಕನೆಯ ವರ್ಗದ ಗ್ರಾಹಕವನ್ನು ಪ್ರಚೋದಿಸಿದರೆ ಇಲಿಯ ಅನ್ನನಾಳದ ಲೋಳೆಪೊರೆಯ ಸ್ನಾಯು ಸಡಿಲುತ್ತದೆ. ಅದೇ ಗ್ರಾಹಕವನ್ನು ಪ್ರಚೋದಿಸುವ ಸಿಸಾಪ್ರೈಡ್ ಮಾನವನಲ್ಲಿ ನರತಂತುಗಳಿಂದ ಅಸಿಟೈಲ್‌ಕೋಲೀನನ್ನು ಹೊರಡಿಸಿ, ಅನ್ನನಾಳದ ಕೆಳತುದಿಯ ವರ್ತುಲ ಸ್ನಾಯುವನ್ನು ಬಿಗಿಗೊಳಿಸುತ್ತದೆ. ಆದ್ದರಿಂದಲೇ 1993ರಲ್ಲಿ ಅಮೆರಿಕದಲ್ಲಿ ರಾತ್ರಿಯ ಎದೆಯುರಿಯ ಚಿಕಿತ್ಸೆಗೆ ಅದಕ್ಕೆ ಮನ್ನಣೆ ದೊರೆಯಿತು. ಆದರೆ ಅದು ಹೃದಯದ ಪೊಟ್ಯಾಸಿಯಂ ಮಾರ್ಗವನ್ನೂ ತಡೆಯುತ್ತಿತ್ತು. ಮಾರಕವಾದ ಲಯಭಂಗಗಳು ಕಂಡುಬಂದು 2000ದಲ್ಲಿ ಅಲ್ಲಿ ಸಾಮಾನ್ಯ ಮಾರಾಟ ನಿಂತಿತು. 2011ರಲ್ಲಿ ಭಾರತವೂ ಅದನ್ನು ನಿಷೇಧಿಸಿತು. ಈ ದೋಷ ಗ್ರಾಹಕದ್ದಲ್ಲ, ಆ ಅಣುವಿನದು. ಆದುದರಿಂದ ಯಾವ ಪ್ರಾಣಿ, ಯಾವ ಸ್ನಾಯು, ಇನ್ನಾವ ಅಂಗ ಎಂದು ವಿಚಾರಿಸದೆ, ಒತ್ತಡವೊಂದನ್ನೇ ಅಳೆದು ಔಷಧದ ಗುಣವನ್ನು ನಿರ್ಣಯಿಸುವುದು ಅರ್ಧಸತ್ಯವೆಂಬುದೇ ನಮ್ಮ ಅಭಿಪ್ರಾಯ.