ಪಾತ್ರದ ಅರಿವಿನ ಎಲ್ಲೆ: ತಾಳಮದ್ದಳೆ ಮತ್ತು ಕಾದಂಬರಿಯ ತರಗತಿ

ಕಾದಂಬರಿಯ ಪಾತ್ರಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ಅವರಿಂದ ಪಾತ್ರವಾಗಿಯೇ ಮಾತನಾಡಿಸುವ ಬೋಧನಕ್ರಮದ ಚರ್ಚೆಯಲ್ಲಿ ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ (1926–2011) ಅವರ ಶಿಕ್ಷಣರಂಗಭೂಮಿಯ ಪ್ರಸ್ತಾಪ ಸಹಜ. ಆದರೆ ವೇಷವಿಲ್ಲದೆ, ಕುಳಿತಲ್ಲಿಯೇ, ಆಶುಮಾತಿನಿಂದ ಪಾತ್ರವನ್ನು ಶೋಧಿಸುವ ತಾಳಮದ್ದಳೆ ಕನ್ನಡದಲ್ಲಿಯೇ ಇರುವಾಗ ಅದು ಈ ಚರ್ಚೆಯಿಂದ ಹೊರಗುಳಿಯಬೇಕಾಗಿಲ್ಲ.

ಅರ್ಥಧಾರಿ ಸ್ವತಂತ್ರನೂ ಹೌದು, ಬದ್ಧನೂ ಹೌದು. ಮರೆಯಿಂದ ಬಾಣ ಬಿಟ್ಟ ರಾಮನನ್ನು ವಾಲಿ ಎಷ್ಟೇ ಕಟುವಾಗಿ ಪ್ರಶ್ನಿಸಲಿ, ಪ್ರಸಂಗದ ಪದ್ಯಗಳು ಹಾಕಿದ ಎಲ್ಲೆಯನ್ನು ಮೀರುವಂತಿಲ್ಲ. ಕೊನೆಗೆ ವಾಲಿ ಸಾಯಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918–2006) ಹಿರಿಯರ ಅರ್ಥಗಾರಿಕೆಯ ಹಿರಿಮೆ ಈ ಕಟ್ಟಿನೊಳಗಿನ ಸ್ವಾತಂತ್ರ್ಯದಲ್ಲಿದೆ. ತರಗತಿಯ ಪಾತ್ರಾಭಿನಯ ಸೋಲುವುದು ಬಹುಮಟ್ಟಿಗೆ ಈ ಕಟ್ಟು ಸಡಿಲಗೊಂಡಾಗ.

ಯು.ಆರ್. ಅನಂತಮೂರ್ತಿಯವರ 'ಸಂಸ್ಕಾರ'ವನ್ನು (1965) ಗಮನಿಸಬಹುದು. ದೂರ್ವಾಸಪುರದಲ್ಲಿ ನಾರಣಪ್ಪನ ಹೆಣ ಬಿದ್ದಿದೆ. ಶವಸಂಸ್ಕಾರಕ್ಕೆಂದು ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿಡುತ್ತಾಳೆ. ಈ ಪಾತ್ರ ವಹಿಸಿದ ವಿದ್ಯಾರ್ಥಿನಿ ಅಗ್ರಹಾರದ ಬೂಟಾಟಿಕೆಯನ್ನು ಬಯಲಿಗೆಳೆಯುವ ಭಾಷಣಕ್ಕೆ ತೊಡಗುವ ಸಾಧ್ಯತೆ ಹೆಚ್ಚು. ಅದು ಆಕೆಯ ಆಕ್ರೋಶವಾದೀತೇ ಹೊರತು ಚಂದ್ರಿಯ ಮಾತಾಗದು. ಕಾದಂಬರಿಯ ಚಂದ್ರಿ ವಾದಿಸುವವಳಲ್ಲ, ಮಾಡುವವಳು. ಪ್ರಾಣೇಶಾಚಾರ್ಯರಿಗೆ ಶಾಸ್ತ್ರಗ್ರಂಥಗಳಲ್ಲಿ ಸಿಗದ ಪರಿಹಾರವನ್ನು ಅವಳು ಅಹಮದ್ ಬ್ಯಾರಿಯ ನೆರವಿನಿಂದ ಒಂದು ಇರುಳಿನಲ್ಲಿ ಮಾಡಿ ಮುಗಿಸುತ್ತಾಳೆ, ಹೇಳದೆ ಹೊರಟುಹೋಗುತ್ತಾಳೆ.

ಓದುಗರಿಗೆ ಇದು ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಆಚಾರ್ಯರಾಗಿ ಕುಳಿತ ವಿದ್ಯಾರ್ಥಿ ತಾನು ಓದಿ ತಿಳಿದದ್ದನ್ನು ಬದಿಗಿರಿಸಿ, ಎಂದೋ ಬೂದಿಯಾದ ಹೆಣದ ಭಾರವನ್ನು ಹೊತ್ತೇ ತನ್ನ ತಪ್ಪೊಪ್ಪಿಗೆಯ ಬಗ್ಗೆ ತರ್ಕಿಸಬೇಕು. ಅದೇ ಕೋಣೆಯಲ್ಲಿ ಚಂದ್ರಿಯಾದವಳು ಎಲ್ಲವನ್ನೂ ಬಲ್ಲವಳಾಗಿ ಮಾತಿಲ್ಲದೆ ಕುಳಿತಿರಬೇಕು. ಪರೀಕ್ಷೆಯ ಉತ್ತರದಲ್ಲಿ 'ವ್ಯಂಗ್ಯ' ಎಂಬ ಒಂದು ಪದದಲ್ಲಿ ಮುಗಿದುಹೋಗುವ ಈ ರಚನಾಕೌಶಲ ಇಲ್ಲಿ ಇಬ್ಬರು ಹೊರಬೇಕಾದ ಅನುಭವವಾಗುತ್ತದೆ. "ಆಚಾರ್ಯರಿಗೇಕೆ ತಿಳಿಸಲಿಲ್ಲ?" ಎಂದು ಸಹಪಾಠಿಗಳು ಕೇಳಿದರೆ, ಚಂದ್ರಿಯ ಅಂತರಂಗಕ್ಕೆ ಕೃತಿ ಕೊಟ್ಟಿರುವ ಕೆಲವೇ ಸಾಲುಗಳಿಗೆ ಮರಳದೆ ಉತ್ತರವಿಲ್ಲ. ಆಚಾರ್ಯರ ತೊಳಲಾಟಕ್ಕೆ ದೊರೆತ ಪುಟಗಳೆಷ್ಟು, ಚಂದ್ರಿಗೆ ದೊರೆತವೆಷ್ಟು ಎಂಬ ವಿಮರ್ಶೆಯ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ.

ಪಾತ್ರದೊಡನೆ ತಾದಾತ್ಮ್ಯ ಬೆಳೆದು ವಿಮರ್ಶೆಗೆ ಅಗತ್ಯವಾದ ದೂರ ಅಳಿಯುತ್ತದೆ ಎಂಬ ಆಕ್ಷೇಪ ಹಗುರವಾದುದಲ್ಲ. ಇದಕ್ಕೂ ತಾಳಮದ್ದಳೆಯಲ್ಲಿ ದಾರಿಯಿದೆ: ಇಂದು ವಾಲಿಯಾದವನು ನಾಳೆ ರಾಮನಾಗುತ್ತಾನೆ. ಅಂತೆಯೇ ಚಂದ್ರಿಯಾದವಳಿಗೆ ಮುಂದಿನ ಸಲ ಲಕ್ಷ್ಮಣಾಚಾರ್ಯನ ಹೆಂಡತಿ ಅನಸೂಯೆಯ ಪಾತ್ರ ಬರಬೇಕು. ಒಡವೆಗಳ ಮೇಲಿನ ಅವಳ ಆಸೆಯನ್ನು ನಗೆಗೀಡು ಮಾಡುವುದು ಸುಲಭ. ಆದರೆ ನಾರಣಪ್ಪನ ಹೆಂಡತಿಯಾಗಿದ್ದು ತೀರಿಕೊಂಡವಳು ಅವಳ ಒಡಹುಟ್ಟಿದವಳು.