ರೀಸ್ಟಾರ್ಟ್ ಮಾಡಿದರೆ ಸಾಕ್ಷಿಯೂ ಹೋಗುತ್ತದೆ

ಡೇಟಾಬೇಸ್ ಸರ್ವರ್‌ನ ಸಿಪಿಯು ನೂರು ಮುಟ್ಟಿದರೆ ನಮ್ಮ ಐಟಿ ಆಫೀಸುಗಳಲ್ಲಿ ಎರಡೇ ಮದ್ದು. ಮೊದಲು ರೀಸ್ಟಾರ್ಟ್, ಅದಕ್ಕೂ ಬಗ್ಗದಿದ್ದರೆ ಇನ್ನಷ್ಟು ಕೋರ್. ಮೊದಲನೆಯದನ್ನು ರಾತ್ರಿ ಪಾಳಿಯವರು ಮಾಡಿ ಮುಗಿಸುತ್ತಾರೆ, ಎರಡನೆಯದು ಬೆಳಗಿನ ಮೀಟಿಂಗಿನಲ್ಲಿ ತೀರ್ಮಾನವಾಗುತ್ತದೆ. ಎರಡರ ಹಿಂದಿನ ನಂಬಿಕೆಯೂ ಒಂದೇ: ಯಂತ್ರಕ್ಕೆ ಸುಸ್ತಾಗಿದೆ. ಯಂತ್ರ ಯಾರೋ ಹೇಳಿದ ಕೆಲಸವನ್ನು ಮಾಡುತ್ತಿದೆ ಅಷ್ಟೆ. ಆ ಕೆಲಸ ಬೇಕಿತ್ತೇ ಎಂದು ಕೇಳುವವರಿಲ್ಲ ಅನ್ನುವುದು ನನ್ನ ತಕರಾರು.

ರೀಸ್ಟಾರ್ಟ್‌ನಿಂದ ಎಷ್ಟೋ ಸಲ ಗುಣ ಕಾಣುತ್ತದೆ. ತೊಂದರೆ ಇರುವುದೇ ಅಲ್ಲಿ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರನ್ನೇ ತೆಗೆದುಕೊಳ್ಳಿ. ಒಂದು ಸ್ಟೋರ್ಡ್ ಪ್ರೊಸೀಜರ್ ಮೊದಲ ಸಲ ಓಡುವಾಗ ಯಾವ ಪ್ಯಾರಾಮೀಟರ್ ಬಂದಿದೆಯೋ ಅದನ್ನು ನೋಡಿ ಪ್ಲಾನ್ ತಯಾರಾಗುತ್ತದೆ. ಆಮೇಲೆ ಬಂದವರಿಗೆಲ್ಲ ಸಾಮಾನ್ಯವಾಗಿ ಅದೇ ಪ್ಲಾನ್. ಮೊದಲು ಬಂದದ್ದು ಹತ್ತು ಬಿಲ್ಲಿನ ಸಣ್ಣ ಗಿರಾಕಿ, ಹಿಂದಿನಿಂದ ಬಂದದ್ದು ಹತ್ತು ಲಕ್ಷ ಬಿಲ್ಲಿನ ದೊಡ್ಡ ಗಿರಾಕಿ ಎಂದಿಟ್ಟುಕೊಳ್ಳಿ. ಇಂಡೆಕ್ಸ್‌ನಿಂದ ಒಂದೊಂದೇ ಸಾಲು ಹೆಕ್ಕಿ, ಪ್ರತಿಯೊಂದಕ್ಕೂ ಮತ್ತೆ ಟೇಬಲ್ಲಿಗೆ ಹೋಗಿ ಬರುವ ಪ್ಲಾನ್ ಹತ್ತು ಸಾಲಿಗೆ ಚೆನ್ನ, ಹತ್ತು ಲಕ್ಷಕ್ಕೆ ಸಿಪಿಯುವನ್ನು ನುಂಗಿಹಾಕುತ್ತದೆ. ಇದಕ್ಕೆ ಪ್ಯಾರಾಮೀಟರ್ ಸ್ನಿಫಿಂಗ್ ಎನ್ನುತ್ತಾರೆ. ರೀಸ್ಟಾರ್ಟ್ ಆದಾಗ ಪ್ಲಾನ್ ಕ್ಯಾಶ್ ಖಾಲಿಯಾಗುತ್ತದೆ. ಈ ಸಲ ದೊಡ್ಡ ಗಿರಾಕಿ ಮೊದಲು ಬಂದರೆ ಬೇರೆ ಪ್ಲಾನ್ ಹುಟ್ಟುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಟಿಕೆಟ್ ಮುಚ್ಚುತ್ತದೆ. ಸರಿಹೋದದ್ದು ಸರದಿ, ರೋಗವಲ್ಲ.

ಯಾವ ಕ್ವೆರಿ ಎಷ್ಟು ಸಿಪಿಯು ತಿಂದಿತು ಎಂಬ ಲೆಕ್ಕವೂ ಆ ಕ್ಯಾಶ್ ಜೊತೆಗೇ ಅಳಿಸಿಹೋಗಿರುತ್ತದೆ. 2016ರ ಆವೃತ್ತಿಯಲ್ಲಿ ಬಂದ ಕ್ವೆರಿ ಸ್ಟೋರ್ ಈ ಲೆಕ್ಕವನ್ನು ಡಿಸ್ಕ್‌ನಲ್ಲಿ ಇಡುತ್ತದೆ ನಿಜ. ಆದರೆ ಹೊಸ ಡೇಟಾಬೇಸ್‌ಗಳಿಗೆ ಅದು ತಾನಾಗಿಯೇ ಆನ್ ಆಗಿರುವುದು 2022ರ ಆವೃತ್ತಿಯಿಂದ. ಹಳೆಯ ಸರ್ವರ್‌ಗಳಲ್ಲಿ ಯಾರಾದರೂ ನೆನಪಿಟ್ಟು ಆನ್ ಮಾಡಿದ್ದರೆ ಪುಣ್ಯ.

ಸ್ವಲ್ಪ ಎಚ್ಚರದ ತಂಡಗಳು ರೀಸ್ಟಾರ್ಟ್ ಬಿಟ್ಟು ‘ನಿಧಾನದ ಕ್ವೆರಿ’ ಹುಡುಕಲು ಹೊರಡುತ್ತವೆ. ಇದೂ ಅರ್ಧ ದಾರಿ ತಪ್ಪಿದ ಬುದ್ಧಿಯೇ. ಮೈಎಸ್‌ಕ್ಯೂಎಲ್‌ನ ಸ್ಲೋ ಕ್ವೆರಿ ಲಾಗ್ ಡಿಫಾಲ್ಟ್ ಆಗಿ 10 ಸೆಕೆಂಡಿಗಿಂತ ಹೆಚ್ಚು ಹಿಡಿದದ್ದನ್ನು ಮಾತ್ರ ಬರೆದಿಡುತ್ತದೆ. 50 ಮಿಲಿಸೆಕೆಂಡ್ ಸಿಪಿಯು ತಿನ್ನುವ ಪುಟ್ಟ ಕ್ವೆರಿಯೊಂದು ಸೆಕೆಂಡಿಗೆ 200 ಸಲ ಓಡಿದರೆ, ಪ್ರತಿ ಸೆಕೆಂಡಿಗೆ 10 ಸೆಕೆಂಡಿನ ಕೆಲಸ, ಅಂದರೆ 10 ಕೋರ್ ಪೂರ್ತಿ ಅದಕ್ಕೇ ಮೀಸಲು. ಲಾಗ್‌ನಲ್ಲಿ ಅದರ ಸುಳಿವೂ ಇರುವುದಿಲ್ಲ. ರಾತ್ರಿ ಒಮ್ಮೆ ಓಡಿ ಎರಡು ನಿಮಿಷ ತೆಗೆದುಕೊಳ್ಳುವ ರಿಪೋರ್ಟ್ ಮಾತ್ರ ಪಟ್ಟಿಯ ನೆತ್ತಿಯ ಮೇಲೆ ಕೂತು, ಪಾಪ, ಎಲ್ಲರಿಂದ ಬೈಸಿಕೊಳ್ಳುತ್ತದೆ. ನೋಡಬೇಕಾದದ್ದು ಒಟ್ಟು ಸಿಪಿಯು ಸಮಯ, ಒಂದು ಓಟದ ಅವಧಿಯಲ್ಲ.

ಇಂಥ ಪುಟ್ಟ ಕ್ವೆರಿ 50 ಮಿಲಿಸೆಕೆಂಡ್ ತಿನ್ನುವುದಾದರೂ ಯಾಕೆ? ನನ್ನ ಮೊದಲ ಅನುಮಾನ ಯಾವಾಗಲೂ ಡೇಟಾ ಟೈಪ್ ಮೇಲೆ. ಮತ್ತೆ ಎಸ್‌ಕ್ಯೂಎಲ್ ಸರ್ವರನ್ನೇ ತೆಗೆದುಕೊಳ್ಳಿ: ಟೇಬಲ್ಲಿನಲ್ಲಿ ಗ್ರಾಹಕ ಸಂಖ್ಯೆಯ ಕಾಲಮ್ ವರ್‌ಚಾರ್. ಜಾವಾ ಅಪ್ಲಿಕೇಶನ್‌ನ ಜೆಡಿಬಿಸಿ ಡ್ರೈವರ್ ಡಿಫಾಲ್ಟ್ ಆಗಿ ಸ್ಟ್ರಿಂಗ್‌ಗಳನ್ನು ಯೂನಿಕೋಡ್ ರೂಪದಲ್ಲಿ, ಅಂದರೆ ಎನ್‌ವರ್‌ಚಾರ್ ಆಗಿ ಕಳಿಸುತ್ತದೆ. ಎಸ್‌ಕ್ಯೂಎಲ್ ಸರ್ವರ್‌ನ ನಿಯಮದಲ್ಲಿ ಎನ್‌ವರ್‌ಚಾರ್ ಮೇಲು, ಹಾಗಾಗಿ ಬದಲಾಗಬೇಕಾದದ್ದು ಕಾಲಮ್. ಹಳೆಯ ಎಸ್‌ಕ್ಯೂಎಲ್ ಕೊಲೇಶನ್ ಇದ್ದರೆ ಇಂಡೆಕ್ಸ್‌ನಲ್ಲಿ ನೇರವಾಗಿ ಜಾಗಕ್ಕೆ ಹೋಗುವುದು ಸಾಧ್ಯವಾಗದೆ, ಒಂದು ಗ್ರಾಹಕನಿಗಾಗಿ ಲಕ್ಷಾಂತರ ಸಾಲುಗಳನ್ನು ಒಂದೊಂದಾಗಿ ಪರಿವರ್ತಿಸಿ ಹೋಲಿಸಬೇಕಾಗುತ್ತದೆ. ಎಲ್ಲವೂ ಮೆಮೊರಿಯಲ್ಲೇ ಇರುವುದರಿಂದ ಡಿಸ್ಕ್ ತಣ್ಣಗಿರುತ್ತದೆ, ಸಿಪಿಯು ಮಾತ್ರ ಕಾಯುತ್ತದೆ. ಕೋಡ್ ಓದಿದರೆ ತಪ್ಪು ಕಾಣುವುದಿಲ್ಲ, ಇಂಡೆಕ್ಸ್ ಇದೆ, ಕ್ವೆರಿ ಎರಡೇ ಸಾಲು. ಪ್ಲಾನ್ ತೆರೆದು, ಅದರಲ್ಲಿ ಕನ್ವರ್ಟ್ ಇಂಪ್ಲಿಸಿಟ್ ಎಂಬ ಮಾತು ಕಾಲಮ್ಮಿನ ಹೆಸರಿಗೆ ಸುತ್ತಿಕೊಂಡಿದೆಯೇ ಎಂದು ನೋಡಿದವರಿಗೆ ಮಾತ್ರ ಕಳ್ಳ ಸಿಗುತ್ತಾನೆ. ಕನೆಕ್ಷನ್ ಸ್ಟ್ರಿಂಗ್‌ನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಎಷ್ಟೋ ಕಡೆ ಮುಗಿಯುತ್ತದೆ, ಆದರೆ ಕಾಲಮ್ಮಿನಲ್ಲಿ ಕನ್ನಡ ಹೆಸರು ಇಡುವ ಉದ್ದೇಶವಿದ್ದರೆ ಕಾಲಮ್ಮನ್ನೇ ಯೂನಿಕೋಡ್ ಮಾಡುವುದು ಸರಿ.

ಈಗ ಕೋರ್ ಸೇರಿಸುವವರ ಮಾತು. ಮೇಲಿನ ಕ್ವೆರಿಗೆ 16ರ ಬದಲು 32 ಕೋರ್ ಕೊಟ್ಟರೆ ಎರಡು ದಿನ ನೆಮ್ಮದಿ, ಬಳಕೆದಾರರು ಹೆಚ್ಚಿದಂತೆ ಮತ್ತೆ ನೂರು. ಎಸ್‌ಕ್ಯೂಎಲ್ ಸರ್ವರ್‌ನ ಎಂಟರ್‌ಪ್ರೈಸ್ ಆವೃತ್ತಿಗೆ ಲೈಸೆನ್ಸ್ ಕೋರ್ ಲೆಕ್ಕದಲ್ಲೇ ಇರುವುದರಿಂದ, ತಪ್ಪು ಡೇಟಾ ಟೈಪ್‌ಗೆ ವರ್ಷ ವರ್ಷವೂ ದುಡ್ಡು ಕಟ್ಟುತ್ತಾ ಹೋದಂತೆ.

ಅಂಕಿಯ ಹೆದರಿಕೆಯೂ ಬೇರೆ ಇದೆ. ಲಿನಕ್ಸ್‌ನಲ್ಲಿ ಲೋಡ್ ಆವರೇಜ್ 40 ಕಂಡರೆ ಪ್ರೊಸೆಸರ್ ಮುಗಿದುಹೋಯಿತು ಎನ್ನುತ್ತಾರೆ. ಡಿಸ್ಕ್‌ಗಾಗಿ ಕಾಯುತ್ತಾ ಕೂತ ಪ್ರೋಸೆಸ್‌ಗಳನ್ನೂ ಆ ಅಂಕಿ ಎಣಿಸುತ್ತದೆ. ಸಿಪಿಯು ಬಹುಪಾಲು ಖಾಲಿ ಇದ್ದೂ 40 ಬರಬಹುದು. ಸಿಪಿಯು ಬಳಕೆ ಶೇಕಡಾ 80 ದಾಟಿದರೆ ಅಲಾರಂ ಎಂಬ ನಿಯಮಕ್ಕೂ ಇದೇ ಮಾತು. ಒಂದೇ ಕೋರ್ ಇದ್ದಾಗ 80ರಲ್ಲಿ ಕಾಯುವಿಕೆ ಭಾರಿ ಏರುತ್ತದೆ, 16 ಕೋರ್ ಇದ್ದರೆ ಅದೇ 80ರಲ್ಲಿ ಕಾಯುವಿಕೆ ಅತ್ಯಲ್ಪ. ತಿಂಗಳ ಕೊನೆಯ ಸಂಬಳದ ಲೆಕ್ಕ ಓಡುವಾಗ ಸರ್ವರ್ 95ರಲ್ಲಿದ್ದು ಕೆಲಸ ಹೊತ್ತಿಗೆ ಮುಗಿದರೆ, ಕೊಟ್ಟ ದುಡ್ಡಿಗೆ ಯಂತ್ರ ದುಡಿಯುತ್ತಿದೆ ಎಂದಷ್ಟೇ ಅರ್ಥ.

ಹಾಗಂತ ದೊಡ್ಡ ಯಂತ್ರ ಯಾವತ್ತೂ ಬೇಡ ಎನ್ನುತ್ತಿಲ್ಲ. ಅಂಗಡಿ ಸೈಟ್ ನಿಂತು ಗಿರಾಕಿಗಳು ವಾಪಸ್ ಹೋಗುತ್ತಿದ್ದರೆ ರೀಸ್ಟಾರ್ಟನ್ನೂ ಮಾಡಲೇಬೇಕಾದೀತು. ಅದಕ್ಕೆ ಮುಂಚೆ ಓಡುತ್ತಿರುವ ಕ್ವೆರಿಗಳು, ಅವುಗಳ ಪ್ಲಾನ್, ಒಟ್ಟು ಸಿಪಿಯು ಪ್ರಕಾರ ಮೊದಲ ಇಪ್ಪತ್ತು, ಇಷ್ಟನ್ನು ಫೈಲಿಗೆ ಇಳಿಸಿಕೊಳ್ಳಲು ಸ್ಕ್ರಿಪ್ಟ್ ಸಿದ್ಧವಿದ್ದರೆ ಒಂದೆರಡು ನಿಮಿಷದ ಕೆಲಸ. ಕೋರ್ ಬೇಕೆಂದು ಬಜೆಟ್ ಕೇಳುವ ಕಾಗದದ ಜೊತೆ ಆ ಇಪ್ಪತ್ತರ ಪಟ್ಟಿಯನ್ನೂ ಲಗತ್ತಿಸಿ ಎಂದು ಹಣ ಕೊಡುವವರು ಕೇಳಬೇಕು.